ಇನ್ನಂಜೆಯ ರಸ್ತೆಯಲ್ಲಿ ಇಟಲಿಯ ಕಾರು

ಮಣಿಪಾಲ

ಇಟಲಿಯಲ್ಲಿ ಮಾತಾಡಬೇಕಾಗಿದ್ದವಳು ನಾನಲ್ಲ. ಹೊರಟಿದ್ದ ಮೂವರಲ್ಲಿ ನಾನು ಮೂರನೆಯವಳು. ಚೀಲ ನೋಡಿಕೊಳ್ಳುವುದು, ಯಾರಾದರೂ ಕೇಳಿದರೆ ನಾನು ಬರೆದ ಚಿತ್ರಗಳನ್ನು ತೋರಿಸುವುದು, ಅಷ್ಟೇ ನನ್ನ ಪಾಲಿಗಿದ್ದದ್ದು. ಮಾತು ನಮ್ಮ ಯಜಮಾನರಾದ ಶೆಣೈಯವರ ಇಲಾಖೆ.

ಮಣಿಪಾಲದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಶೆಣೈಯವರ ಸ್ಟುಡಿಯೋ ಇದೆ. ಆರು ಜನ ಕೆಲಸ ಮಾಡುತ್ತೇವೆ. ಟ್ಯಾಬ್ಲೆಟ್‌ನಲ್ಲಿ ಬರುವ ಜಾಹೀರಾತು ತಯಾರಿಸುವುದು ನಮ್ಮ ಕಸುಬು. ಸುಮ್ಮನೆ ನೋಡಿ ಬಿಡುವ ಜಾಹೀರಾತಲ್ಲ, ಮುಟ್ಟಿ, ಅಲ್ಲಾಡಿಸಿ ಆಡುವಂಥದ್ದು. ಇಟಲಿಯ ಟುರಿನ್ ನಗರದಲ್ಲಿ ಗುಡ್ಡದ ರಸ್ತೆಗಳಿಗೆಂದೇ ಸಣ್ಣದೊಂದು ಬ್ಯಾಟರಿ ಕಾರು ಮಾಡುವವರಿದ್ದಾರೆ. ಅವರಿಗಾಗಿ ನಾವು ಆರು ತಿಂಗಳು ಕೂತು ಒಂದು ಜಾಹೀರಾತು ಮಾಡಿದ್ದೆವು. ಟ್ಯಾಬ್ಲೆಟ್ ಹಿಡಿದು ಓರೆ ಮಾಡಿದರೆ ಕಾರು ತಿರುಗುತ್ತದೆ. ಬಾಗಿಲ ಮೇಲೆ ಬೆರಳಿಟ್ಟರೆ ಬಾಗಿಲು ತೆರೆಯುತ್ತದೆ. ಧೂಳು ಕೂತ ಮುಂದಿನ ಗಾಜಿನ ಮೇಲೆ ಉಫ್ ಎಂದು ಊದಿದರೆ ಧೂಳು ಹಾರಿ ಒಳಗಿನ ಸೀಟು ಕಾಣುತ್ತದೆ. ಈ ಊದುವ ಉಪಾಯ ನನ್ನದು. ಅವರು ಒಪ್ಪಿದರೆ ನಮ್ಮ ಕೆಲಸ ಅವರ ಎಲ್ಲ ಶೋರೂಮುಗಳಿಗೂ ಹೋಗುತ್ತಿತ್ತು. ಒಪ್ಪದಿದ್ದರೆ ನಮಗೆ ಮತ್ತೆ ಸೀರೆ ಅಂಗಡಿ ಮತ್ತು ಕಣ್ಣಿನ ಆಸ್ಪತ್ರೆಗಳೇ ಗತಿ.

ಹೊರಡಲು ನಾಲ್ಕು ದಿನ ಇರುವಾಗ ಶೆಣೈಯವರಿಗೆ ಚಿಕನ್ ಪಾಕ್ಸ್ ಬಂತು. ನಲವತ್ತಾರನೆಯ ವಯಸ್ಸಿನಲ್ಲಿ, ಮಗಳ ಶಾಲೆಯ ಕೃಪೆಯಿಂದ. ಕಡಿಯಾಳಿಯ ಅವರ ಮನೆಗೆ ನೋಡಲು ಹೋದೆ. ಅವರು ಕಿಟಕಿಯ ಒಳಗೆ, ನಾನು ಹೊರಗೆ ಅಂಗಳದಲ್ಲಿ. ಮುಖದ ತುಂಬ ಚುಕ್ಕಿ. ಕೈಯಲ್ಲಿ ಬೇವಿನ ಗೆಲ್ಲು.

“ಅಕ್ಕ, ನೀವೇ ಮಾತಾಡಬೇಕು. ಪದ್ಮರಾಜ ಬಾಯಿ ಬಿಡುವುದಿಲ್ಲ, ನಿಮಗೆ ಗೊತ್ತುಂಟಲ್ಲ” ಎಂದರು.

ಗೊತ್ತಿತ್ತು. ಪದ್ಮರಾಜ ನಮ್ಮ ಪ್ರೋಗ್ರಾಮು ಬರೆಯುವವನು, ಕಾರ್ಕಳದ ಜೈನರ ಮನೆಯವನು. ಮೂವತ್ತಾರು ವರ್ಷದ ಬದುಕಿನಲ್ಲಿ ಅವನು ಮನುಷ್ಯರೊಂದಿಗೆ ಆಡಿದ ಮಾತು ನಮ್ಮ ಬೇಕರಿಯವನು ಒಂದು ಬೆಳಿಗ್ಗೆ ಆಡುವುದಕ್ಕಿಂತ ಕಡಿಮೆ. ನಾನೋ, ಕಾಪುವಿನ ಕನ್ನಡ ಶಾಲೆಯಲ್ಲಿ ಓದಿದವಳು. ನನ್ನ ಇಂಗ್ಲಿಷು ತಲೆಯೊಳಗೆ ಸರಿಯಾಗಿಯೇ ಹೊರಡುತ್ತದೆ, ತುಟಿಯ ಹತ್ತಿರ ಬಂದಾಗ ನಾಚಿ ನಿಲ್ಲುತ್ತದೆ. ಇನ್ನೊಂದು ಸಂಗತಿಯೂ ಇತ್ತು. ಅದನ್ನು ಕಿಟಕಿಯ ಎದುರು ನಿಂತು ಹೇಳಲು ಧೈರ್ಯ ಬರಲಿಲ್ಲ. ಐವತ್ತೊಂದು ವರ್ಷವಾದರೂ ನನಗೆ ಕಾರು ಓಡಿಸಲು ಬರುವುದಿಲ್ಲ. ಹಿಂದೊಮ್ಮೆ ಕಲಿಯಹೊರಟು ಪಕ್ಕದ ಮನೆಯ ಪಾಗಾರದ ಗೋಡೆ ಬೀಳಿಸಿದ ಮೇಲೆ ಆ ವಿದ್ಯೆಗೂ ನನಗೂ ಮಾತುಕತೆ ಇಲ್ಲ.

ಟುರಿನ್, ಇಳಿದ ದಿನ

ಮಿಲಾನಿನಲ್ಲಿ ವಿಮಾನ ಇಳಿದು ಟುರಿನ್ನಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ನನಗೆ ಜೋಂಪು ಹತ್ತಿತ್ತು. ಪದ್ಮರಾಜ ತೋಳು ತಟ್ಟಿ, ಅಕ್ಕ, ಗದ್ದೆ ಎಂದ. ಕನಸೆಂದುಕೊಂಡೆ. ಅಲ್ಲ, ನಿಜವಾಗಿಯೂ ಗದ್ದೆ. ನೀರು ನಿಂತ ಗದ್ದೆಗಳು, ನಡುವೆ ಬದುಗಳು, ಬದುವಿನ ಮೇಲೆ ಒಂಟಿಕಾಲಿನ ಬೆಳ್ಳಕ್ಕಿ. ಇಟಲಿಯವರು ಸೇವಿಗೆಯಂಥದ್ದನ್ನೇ ತಿಂದು ಬದುಕುತ್ತಾರೆ ಎಂದು ನಂಬಿದ್ದ ನನಗೆ ಇಷ್ಟು ಭತ್ತ ನೋಡಿ ಒಂದು ರೀತಿಯ ಬಂಧುತ್ವ ಹುಟ್ಟಿತು.

ಆ ಸಂತೋಷ ಐದು ನಿಮಿಷವೂ ಉಳಿಯಲಿಲ್ಲ. ಪದ್ಮರಾಜ ಮತ್ತೆ ತೋಳು ತಟ್ಟಿದ.

“ಅಕ್ಕ, ಈ ಬಸ್ಸು ಯಾವ ಬದಿಯಲ್ಲಿ ಹೋಗ್ತಾ ಉಂಟು?”

“ಬಲಬದಿಯಲ್ಲಿ. ಇಲ್ಲಿ ಹಾಗೆಯೇ ಅಲ್ವಾ ಮಾರಾಯ.”

“ನಮ್ಮದು?” ಎಂದ. ಆಗ ನನಗೆ ಅರ್ಥವಾಯಿತು. ನಮ್ಮ ಜಾಹೀರಾತಿನಲ್ಲಿ ಕಾರು ರಸ್ತೆಯ ಎಡಬದಿಯಲ್ಲಿ ಓಡುತ್ತಿತ್ತು. ಕಾರಿನ ಚಿತ್ರವನ್ನು ಅವರೇ ಕಳಿಸಿದ್ದರಿಂದ ಸ್ಟೇರಿಂಗು ಸರಿಯಾಗಿ ಎಡಕ್ಕೇ ಇತ್ತು. ರಸ್ತೆ ಮಾತ್ರ ನಾನು ಬರೆದದ್ದು. ಆರು ತಿಂಗಳು ಆರು ಜನ ಅದನ್ನು ನೋಡಿದ್ದೆವು. ಒಬ್ಬರಿಗೂ ಹೊಳೆದಿರಲಿಲ್ಲ. ಇಟಲಿಯವರಿಗೆ ಆವರೆಗೆ ಕಳಿಸಿದ್ದದ್ದು ಬಾಗಿಲು, ಗಾಜುಗಳ ತುಣುಕುಗಳನ್ನು ಮಾತ್ರ. ಇಡೀ ರಸ್ತೆಯನ್ನು ಎದುರಿಗೇ ತೋರಿಸಿ ಬೆರಗುಗೊಳಿಸಬೇಕೆಂದು ಶೆಣೈಯವರ ಆಸೆ. ಬೆರಗೇನೋ ಖಂಡಿತ ಆಗುತ್ತಿತ್ತು. ತಮ್ಮ ಹೊಸ ಕಾರು ಎದುರು ಬರುವ ಲಾರಿಯ ಮೂತಿಗೇ ಹೋಗುವುದನ್ನು ಯಾವ ಕಂಪನಿಯವರು ಬೆರಗಿಲ್ಲದೆ ನೋಡುತ್ತಾರೆ?

ಊರು ಮುಟ್ಟುವಾಗ ಮಳೆ. ಆದರೆ ಯಾರೂ ಕೊಡೆ ಬಿಚ್ಚಲಿಲ್ಲ. ಟುರಿನ್ನಿನ ದೊಡ್ಡ ಬೀದಿಗಳ ಎರಡೂ ಬದಿಗೆ ಕಟ್ಟಡಗಳ ಕೆಳಗೆ ಎತ್ತರದ ಕಮಾನುಗಳ ಜಗಲಿ ಇದೆ. ಒಂದರಿಂದ ಇನ್ನೊಂದಕ್ಕೆ ಸೇರಿಕೊಂಡು ಊರಿನ ಉದ್ದಕ್ಕೂ ಹೋಗುತ್ತದೆ. ಒಂದು ಹನಿ ಬೀಳದೆ ಜನ ನಡೆಯುತ್ತಾರೆ. ಜಗಲಿ ಖಾಲಿ. ನಮ್ಮ ಉಡುಪಿಯಲ್ಲಿ ಇಂಥದ್ದಿದ್ದರೆ ಕಮಾನಿಗೊಬ್ಬಳು ಮಲ್ಲಿಗೆ ಮಾರುವವಳು, ಇಬ್ಬರು ಕಡಲೆ ಹುರಿಯುವವರು, ಮೂರು ಸ್ಕೂಟರು ಇರುತ್ತಿದ್ದವು, ನಡೆಯುವವರು ಎಂದಿನ ಹಾಗೆ ಮಳೆಯಲ್ಲಿ. ರಸ್ತೆ ದಾಟುವಾಗ ಪದ್ಮರಾಜ ಊರಿನ ಅಭ್ಯಾಸದಂತೆ ಬಲಕ್ಕೆ ನೋಡಿ ಕಾಲಿಟ್ಟ. ಎಡಗಡೆಯಿಂದ ಬಂದ ಟ್ರಾಮು ಗಂಟೆ ಬಾರಿಸಿತು. ನಮ್ಮ ಜಾಹೀರಾತಿನ ಬಗ್ಗೆ ಆ ಊರು ನೀಡಿದ ಮೊದಲ ಅಭಿಪ್ರಾಯ ಅದು.

ಟುರಿನ್, ಎರಡನೆಯ ದಿನ

ನಾವು ಉಳಿದುಕೊಂಡದ್ದು ಒಬ್ಬ ವಿಧವೆಯ ಮನೆಯ ಮೇಲಿನ ಎರಡು ಕೋಣೆಗಳಲ್ಲಿ. ಆ ಅಮ್ಮ ಹಿಂದಿನ ರಾತ್ರಿ ಪ್ರೀತಿಯಿಂದ ಬಡಿಸಿದ್ದು ಮೀನು ಮತ್ತು ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕರಗಿಸಿದ ಒಂದು ಗೊಜ್ಜು. ನಾನು ಮೀನುಗಾರರ ಮನೆಯವಳು, ಬಟ್ಟಲು ಬರಿದು ಮಾಡಿದೆ. ಪದ್ಮರಾಜ ಮೀನು ಹಾಗಿರಲಿ, ಬೆಳ್ಳುಳ್ಳಿಯ ಗಾಳಿಗೂ ಒಂದು ಕುರ್ಚಿ ದೂರ ಕೂರುವವನು. ಬರಿ ಅನ್ನ ಸಾಕು ಎಂದು ಅವನು ಸನ್ನೆ ಮಾಡಿದ. ಆಕೆ ಅನ್ನಕ್ಕೆ ಬೆಣ್ಣೆ ಹಾಕಿ ಕೊಟ್ಟರು. ಆ ಊರಿನಲ್ಲಿ ಬೆಣ್ಣೆಯ ಬಿಳಿ ಅನ್ನವನ್ನು ತಿನ್ನುವುದು ಹೊಟ್ಟೆ ಕೆಟ್ಟವರು ಎಂದು ನಮಗೆ ತಿಳಿದದ್ದು ಆಮೇಲೆ. ಅಂದಿನಿಂದ ಅವನು ಎದುರಾದಾಗಲೆಲ್ಲ ಆಕೆ ತನ್ನ ಹೊಟ್ಟೆ ಸವರಿಕೊಂಡು, ಹೇಗಿದೆ ಎಂದು ಹುಬ್ಬಿನಲ್ಲಿ ಕೇಳುವರು. ಅವನು ಅನ್ನ ಚೆನ್ನಾಗಿದೆ ಎನ್ನಲು ತಾನೂ ಹೊಟ್ಟೆ ಸವರಿಕೊಳ್ಳುವನು. ಆಕೆ ನಿಟ್ಟುಸಿರು ಬಿಟ್ಟು ಇನ್ನಷ್ಟು ಅನ್ನ ಬೇಯಿಸುವರು.

ಆಕೆಯ ಊಟದ ಮೇಜಿನ ಮೇಲೆಯೇ ನಾವು ರಸ್ತೆ ರಿಪೇರಿಗೆ ಕೂತೆವು. ಕಂಪನಿಯವರಿಗೆ ತೋರಿಸಲು ಒಂದೇ ದಿನ ಉಳಿದಿತ್ತು.

ಮೊದಲು ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿದೆವು. ಕಾರು ಬಲಬದಿಗೆ ಬಂತು. ಜೊತೆಗೆ ಸ್ಟೇರಿಂಗೂ ಬಲಕ್ಕೆ ಬಂತು, ನಂಬರ್ ಪ್ಲೇಟು ಉಲ್ಟಾ ಆಯಿತು. ಸರಿ, ಕಾರನ್ನು ಬಿಟ್ಟು ರಸ್ತೆಯನ್ನಷ್ಟೇ ಮಗುಚಿದೆವು. ಅಂಗಡಿಗಳ ಬೋರ್ಡುಗಳೆಲ್ಲ ಹಿಂದುಮುಂದಾದವು, ಮೇಲಾಗಿ ಕಾರಿನ ನೆರಳು ಸೂರ್ಯನ ಕಡೆಗೇ ಬಿದ್ದಿತು. ಹೊಸದಾಗಿ ಬರೆಯುವುದೆಂದರೆ ಹದಿನೈದು ದಿನದ ಕೆಲಸ. ಶೆಣೈಯವರಿಗೆ ಫೋನ್ ಮಾಡೋಣವೇ ಎಂದೆ. ಜ್ವರದವರನ್ನು ಸಾಯಿಸುವುದು ಬೇಡ ಎಂದ ಪದ್ಮರಾಜ. ಮಧ್ಯಾಹ್ನದ ತನಕ ಇಬ್ಬರೂ ಮೇಜಿನ ಎರಡು ತುದಿಯಲ್ಲಿ ಕೂತು ಉಗುರು ನೋಡಿಕೊಂಡೆವು.

ಆಮೇಲೆ ಅವನು ತನ್ನ ಟ್ಯಾಬ್ಲೆಟ್ ತೆಗೆದು ನನ್ನೆದುರು ಸರಿಸಿದ. ಕೆಲಸದ ಆರಂಭದಲ್ಲಿ, ಓರೆ ಮಾಡಿದರೆ ಕಾರು ತಿರುಗುತ್ತದೋ ಇಲ್ಲವೋ ಎಂದು ನೋಡಲು ಅವನೇ ಮಾಡಿಕೊಂಡಿದ್ದ ಒಂದು ರಸ್ತೆ ಅದರಲ್ಲಿತ್ತು. ಅವನ ಅಕ್ಕನನ್ನು ಕೊಟ್ಟದ್ದು ಕಾಪುವಿನ ಹತ್ತಿರದ ಇನ್ನಂಜೆಗೆ. ಅಲ್ಲಿಗೆ ಹೋದಾಗ ಗದ್ದೆಗಳ ನಡುವಿನ ರಸ್ತೆಯ ಫೋಟೋ ತೆಗೆದು, ಅದನ್ನೇ ಅಂಕುಡೊಂಕು ಸಮೇತ ಕೂಡಿಸಿದ್ದ. ಒಂದೇ ಕಾರು ಹಿಡಿಸುವ ರಸ್ತೆ. ಎದುರಿಗೊಂದು ರಿಕ್ಷಾ ಬಂದರೆ ಯಾರಾದರೊಬ್ಬರು ಗದ್ದೆಯ ಅಂಚಿಗೆ ಇಳಿಯಬೇಕು.

“ಇದಕ್ಕೆ ಎಡವೂ ಇಲ್ಲ, ಬಲವೂ ಇಲ್ಲ ಅಕ್ಕ” ಎಂದ.

ಅವನ ಕೈ ಹಿಡಿದುಕೊಳ್ಳಬೇಕೆನಿಸಿತು, ಗಾಬರಿಯಾದಾನೆಂದು ಬಿಟ್ಟೆ. ಸಂಜೆಯವರೆಗೆ ತೆಂಗಿನಮರಗಳನ್ನು ಒಂದೊಂದಾಗಿ ಅಳಿಸಿದೆವು. ದೂರದಲ್ಲಿ ನಾನು ಹಿಮದ ಬೆಟ್ಟಗಳನ್ನು ಬರೆದೆ. ಗದ್ದೆ, ಬದು, ಬೆಳ್ಳಕ್ಕಿ ಇದ್ದ ಹಾಗೆಯೇ ಉಳಿದವು.

ಟುರಿನ್, ಮೂರನೆಯ ದಿನ

ಕಂಪನಿಯ ಕಚೇರಿ ಅವರ ಶೋರೂಮಿನ ಹಿಂಬದಿಯಲ್ಲಿತ್ತು. ನಮ್ಮನ್ನು ಬರಮಾಡಿಕೊಂಡವಳು ಪಾವೊಲಾ, ಜಾಹೀರಾತು ನೋಡಿಕೊಳ್ಳುವ ಹೆಂಗಸು. ಅವಳ ಇಂಗ್ಲಿಷೂ ನನ್ನದರ ಹಾಗೆಯೇ ತುಟಿಯ ಹತ್ತಿರ ನಿಲ್ಲುತ್ತದೆಂದು ಗೊತ್ತಾದಾಗ ನನಗೆ ಅರ್ಧ ಬಲ ಬಂತು. ಮೇಜಿನ ಸುತ್ತ ಐದಾರು ಜನ. ಮೂಲೆಯಲ್ಲಿ ಟೊಪ್ಪಿ ತೊಡೆಯ ಮೇಲಿಟ್ಟುಕೊಂಡು ಒಬ್ಬರು ಮುದುಕರು. ಅವರ ಹೆಸರು ಆಲ್ದೊ. ನಲವತ್ತು ವರ್ಷ ಹೊಸ ಕಾರುಗಳನ್ನು ಮೊದಲು ಓಡಿಸಿ ನೋಡಿ, ಇದು ಸರಿ ಇದು ತಪ್ಪು ಎನ್ನುತ್ತಿದ್ದವರು. ಈಗ ನಿವೃತ್ತರು. ಆದರೂ ಅವರು ತಲೆಯಾಡಿಸದೆ ಇಲ್ಲಿ ಯಾವುದೂ ಮುಂದೆ ಹೋಗುವುದಿಲ್ಲ ಎಂದು ಪಾವೊಲಾ ಮೆಲ್ಲಗೆ ತಿಳಿಸಿದಳು.

ಆಲ್ದೊ ನನ್ನ ಕಾರ್ಡನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ಓದಿದರು. ಅದರಲ್ಲಿ ಶೆಣೈಯವರ ತಂದೆಯ ಕಾಲದ ವಿಳಾಸವಿತ್ತು: ಕಾರ್ ಸ್ಟ್ರೀಟ್, ಉಡುಪಿ. ಕಾರುಗಳದ್ದೇ ಒಂದು ಬೀದಿ ಇರುವ ಊರಿನವರೆಂದು ಅವರು ನಮ್ಮನ್ನು ಆರಿಸಲು ಹೇಳಿದ್ದರಂತೆ. ಎಷ್ಟು ಕಾರ್ಖಾನೆಗಳಿವೆ ಎಂದು ಕೇಳಿದರು. ಅದು ದೇವರ ರಥದ ಬೀದಿ, ರಥ ಮರದ್ದು, ಜನ ಹಗ್ಗ ಹಿಡಿದು ಎಳೆಯುತ್ತಾರೆ ಎಂದು ವಿವರಿಸಿದೆ. ಸುತ್ತಲಿನವರು ನಕ್ಕರು. ಆಲ್ದೊ ನಗಲಿಲ್ಲ. ಅದು ತಿರುಗುವುದು ಹೇಗೆ ಎಂದು ಕೇಳಿದರು. ಚಕ್ರಕ್ಕೆ ಮರದ ತುಂಡು ಕೊಟ್ಟು ತಿರುಗಿಸುತ್ತಾರೆ ಎಂದೆ. ಗಂಭೀರವಾಗಿ ತಲೆಯಾಡಿಸಿ ಕಾರ್ಡನ್ನು ಜೇಬಿಗೆ ಹಾಕಿಕೊಂಡರು.

ಟ್ಯಾಬ್ಲೆಟ್‌ಗಳನ್ನು ಹಂಚಿದೆವು. ಪಾವೊಲಾ ಗದ್ದೆ ನೋಡಿ, ಇದು ನಮ್ಮ ಅಮ್ಮನ ಊರಿನ ಕಡೆಯದು, ನೀವು ಯಾವಾಗ ಹೋಗಿ ಬಂದಿರಿ ಎಂದಳು. ಪದ್ಮರಾಜ ಕೆಮ್ಮಿದ. ಅಷ್ಟರಲ್ಲಿ ಒಬ್ಬಾತ ತನ್ನ ಪರದೆಯಲ್ಲಿ ಉಳಿದುಬಿಟ್ಟಿದ್ದ ತೆಂಗಿನಮರವೊಂದನ್ನು ಬೆರಳಿನಿಂದ ತೋರಿಸಿ, ಅದನ್ನು ಮುಟ್ಟಿದರೆ ಏನಾಗುತ್ತದೆ ಎಂದು ಕೇಳಿದ. ಏನೂ ಆಗುವುದಿಲ್ಲ ಎಂದೆ. ಅದೊಂದೇ ನಾನು ಆ ದಿನ ತಡವರಿಸದೆ ಹೇಳಿದ ಮಾತು.

ಆಮೇಲೆ ಗ್ರಹಚಾರ ಶುರುವಾಯಿತು. ಮಣಿಪಾಲದಲ್ಲಿ ನಾವು ಮಾತಾಡುವಾಗ ತಲೆ ಆಡಿಸುತ್ತೇವೆ, ಕೈ ತೆಪ್ಪಗಿರುತ್ತದೆ. ಇವರು ಒಂದು ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಎರಡೂ ಕೈಯಿಂದ ಮಾತಾಡುವವರು. ಚೆನ್ನಾಗಿದೆ ಎಂದು ಒಬ್ಬಾತ ಕೈ ಎತ್ತಿದ. ಕಾರು ಗದ್ದೆಗೆ ಬಿತ್ತು. ಅಯ್ಯೋ ಎಂದು ಇನ್ನೊಬ್ಬಳು ಕೈ ಬೀಸಿದಳು, ಅವಳದ್ದೂ ಬಿತ್ತು. ಹೊಗಳಿಕೆ ಹೆಚ್ಚಾದಷ್ಟೂ ಕಾರುಗಳು ಕೆಸರಿಗೆ ಹೋದವು. ಇದರ ನಡುವೆ ಶೋರೂಮಿನ ಮೂಲೆಯಲ್ಲಿ ಕಾಫಿ ಯಂತ್ರದವನು ಹಾಲು ಕಾಯಿಸಲು ಹಬೆ ಬಿಟ್ಟ. ಬುಸ್ಸೆಂಬ ಆ ಸದ್ದನ್ನು ಟ್ಯಾಬ್ಲೆಟ್‌ಗಳು ಯಾರೋ ಊದಿದರೆಂದು ತಿಳಿದವು. ಯಾರೂ ಊದದೆ ಎಲ್ಲ ಕಾರುಗಳ ಗಾಜೂ ಒಟ್ಟಿಗೆ ಸ್ವಚ್ಛವಾಯಿತು. ಅವನು ಪ್ರತಿ ಐದು ನಿಮಿಷಕ್ಕೆ ಹಬೆ ಬಿಡುತ್ತಿದ್ದ. ಅವನನ್ನು ಸ್ವಲ್ಪ ನಿಲ್ಲಿಸಲಾಗದೇ ಎಂದು ಪಾವೊಲಾಳನ್ನು ಕೇಳಿದೆ. ಪೆರ್ಡೂರಿನ ದೇವಸ್ಥಾನದಲ್ಲಿ ನಿಂತು ಗಂಟೆ ನಿಲ್ಲಿಸಿ ಎಂದವಳನ್ನು ನೋಡುವ ಹಾಗೆ ನೋಡಿದಳು.

ಇಷ್ಟೂ ಹೊತ್ತು ಆಲ್ದೊ ಒಬ್ಬರೇ ಟ್ಯಾಬ್ಲೆಟನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯಲ್ಲಿ ಹಿಡಿದು ಸಾವಕಾಶವಾಗಿ ತಿರುಗಿಸುತ್ತಿದ್ದರು. ಕೊನೆಗೆ ಏನೋ ಹೇಳಿದರು. ಪಾವೊಲಾ ಸಂಕೋಚದಿಂದ ಅನುವಾದಿಸಿದಳು. ಇದು ಕಾರು ತಿರುಗಿದ ಹಾಗಿಲ್ಲ, ದೋಣಿ ತಿರುಗಿದ ಹಾಗಿದೆ. ಇದನ್ನು ಹೀಗೆ ತಿರುಗಲು ಕಲಿಸಿದವರು ಯಾರು ಎಂದು ಕೇಳುತ್ತಿದ್ದಾರೆ.

ಕಲಿಸಿದವಳು ನಾನೇ. ಕಾಪುವಿನಲ್ಲಿ ನಮ್ಮ ಅಪ್ಪನಿಗೊಂದು ದೋಣಿ ಇತ್ತು. ಸಣ್ಣವಳಿರುವಾಗ ಅದರ ಹಿಂದುಗಡೆ, ಅಪ್ಪನ ಕಾಲ ಬಳಿ ಕೂರುತ್ತಿದ್ದೆ. ದೋಣಿ ತಿರುಗುವಾಗ ಮೊದಲು ಬಾಲ ಹೊರಗೆ ಜಾರುತ್ತದೆ, ಆಮೇಲೆ ಮೂತಿ ನಿಧಾನಕ್ಕೆ ಬರುತ್ತದೆ. ಕಾರು ತಿರುಗುವುದು ಹೇಗೆ ಕಾಣಬೇಕು ಅಕ್ಕ ಎಂದು ಪದ್ಮರಾಜ ಕೇಳಿದಾಗ ನಾನು ಅಂಗೈಯಲ್ಲಿ ತೋರಿಸಿದ್ದೆ. ಸ್ಕೂಟರಿನ ಆಚೆ ಲೋಕ ಕಾಣದ ಅವನು ಅದನ್ನೇ ಲೆಕ್ಕ ಹಾಕಿ ಬರೆದಿದ್ದ. ನಮ್ಮಲ್ಲಿ ಕಾರು ಓಡಿಸುವವರು ಶೆಣೈಯವರೊಬ್ಬರೇ, ಅವರೂ ಕಡಿಯಾಳಿಯಿಂದ ಮಣಿಪಾಲಕ್ಕೆ ಮೂರನೆಯ ಗೇರು ಮೀರದವರು.

ಪ್ರೋಗ್ರಾಮಿನಲ್ಲಿ ಏನೋ ದೋಷ ಎಂದುಬಿಡಬಹುದಿತ್ತು. ಪಕ್ಕದಲ್ಲಿ ಪದ್ಮರಾಜ ತಲೆ ತಗ್ಗಿಸಿ ಕೂತಿದ್ದ. ಹಾಗೆ ಹೇಳಿದ್ದರೆ ಅವನು ಎದುರಾಡುತ್ತಿರಲಿಲ್ಲ ಎಂಬುದೇ ನನ್ನನ್ನು ತಡೆಯಿತು.

“ನನಗೆ ಕಾರು ಓಡಿಸಲು ಬರುವುದಿಲ್ಲ. ನನ್ನ ತಂದೆಗೆ ದೋಣಿ ಇತ್ತು” ಎಂದೆ.

ಪಾವೊಲಾ ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಯಾರೂ ಕೈ ಆಡಿಸಲಿಲ್ಲ. ಆಲ್ದೊ ಕನ್ನಡಕ ತೆಗೆದು, ಎಷ್ಟು ಉದ್ದದ ದೋಣಿ ಎಂದು ಕೇಳಿದರು. ಮೇಜಿನ ಉದ್ದದ ಮೂರು ಪಟ್ಟು ಎಂದೆ. ಅವರು ಟೊಪ್ಪಿ ಹಾಕಿಕೊಂಡು ಎದ್ದರು. ಬಾಗಿಲ ಬಳಿ ನಿಂತು ನನಗೆ ಗೊತ್ತಾಗಲೆಂದು ಇಂಗ್ಲಿಷಿನಲ್ಲೇ ಅಂದರು, “ನಾಳೆ. ಒಂಬತ್ತು ಗಂಟೆ.”

ಅಕ್ಕಿ ಗಿರಣಿ, ನಾಲ್ಕನೆಯ ದಿನ

ಆಲ್ದೊ ಆ ಸಣ್ಣ ಕಾರಿನಲ್ಲಿ ನಮ್ಮನ್ನು ಊರ ಹೊರಗೆ ಕರೆದೊಯ್ದರು. ನಾನು ಮುಂದೆ, ಪಾವೊಲಾ ಮತ್ತು ಪದ್ಮರಾಜ ಹಿಂದೆ ಅಂಟಿಕೊಂಡು. ಪದ್ಮರಾಜ ಅಷ್ಟು ಹತ್ತಿರ ಕೂತದ್ದು ಅವನ ಕಂಪ್ಯೂಟರಿನ ಬಳಿ ಮಾತ್ರ. ಗುಡ್ಡದ ತಿರುವುಗಳು ಬಂದಾಗ ಆಲ್ದೊ ನನ್ನನ್ನು ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ತಿರುವು ಮೊದಲು ಗೊತ್ತಾಗುವುದು ಮೈಯಲ್ಲಿ ಎಲ್ಲಿ ಎಂದು ಕೇಳಿದರು. ದೋಣಿಯಲ್ಲಾದರೆ ಪಾದದಲ್ಲಿ. ಇಲ್ಲಿ ಭುಜದಲ್ಲಿ. ಮೂತಿ ಮೊದಲು ಹೋಗುತ್ತದೆ, ಭುಜ ಹೊರಕ್ಕೆ ವಾಲುತ್ತದೆ, ಹಿಂಬದಿ ಸುಮ್ಮನೆ ಹಿಂಬಾಲಿಸುತ್ತದೆ. ಎಲ್ಲರಿಗೂ ಗೊತ್ತಿರುವ ಇಷ್ಟು ಸಂಗತಿಯನ್ನು ತಿಳಿಯಲು ನಾನು ಸಮುದ್ರ ದಾಟಬೇಕಾಯಿತು.

ಅವರ ತಮ್ಮನದೊಂದು ಅಕ್ಕಿ ಗಿರಣಿ ಇತ್ತು. ಭತ್ತ ಒಣಗಿಸುವ ವಿಶಾಲ ಅಂಗಳ, ಮೂಲೆಯ ಉಮಿಯ ರಾಶಿ ಬಿಟ್ಟರೆ ಖಾಲಿ. ಅಲ್ಲಿ ನಿಲ್ಲಿಸಿ ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿದರು. ಪಾಗಾರದ ಕಥೆ ಹೇಳಿದೆ. ಇಲ್ಲಿ ಪಾಗಾರ ಇಲ್ಲ ಎಂದರು. ಕಾಲಿಟ್ಟೆ. ಕಾರು ಸದ್ದಿಲ್ಲದೆ ಹೊರಟಿತು. ಬ್ಯಾಟರಿ ಕಾರಾದ್ದರಿಂದ ಕ್ಲಚ್ಚಿಲ್ಲ, ಗೇರಿಲ್ಲ. ಹೆದರಿಕೆ ಒಂದನ್ನು ಬಿಟ್ಟರೆ ಅಡ್ಡಿ ಏನೂ ಇರಲಿಲ್ಲ. ಒಂದು ತಿರುವು ಮುಗಿಸಿದೆ, ಇನ್ನೊಂದು ಮುಗಿಸಿದೆ. ಐವತ್ತೊಂದು ವರ್ಷದ ಮುಖದಲ್ಲಿ ಎಂಥ ನಗು ಇತ್ತೋ, ಪಾವೊಲಾ ಫೋಟೋ ತೆಗೆದಳು. ಮೂರನೆಯ ತಿರುವಿನಲ್ಲಿ, ತಿರುಗಿಸಿದ ಸ್ಟೇರಿಂಗನ್ನು ವಾಪಸು ತರಬೇಕೆಂಬುದು ಮರೆತುಹೋಯಿತು. ಕಾರು ಬಹಳ ಮೆದುವಾಗಿ, ಹಾಸಿಗೆಗೆ ಹೋಗುವ ಹಾಗೆ, ಉಮಿಯ ರಾಶಿಯೊಳಗೆ ಹೋಗಿ ನಿಂತಿತು.

ಗಾಜಿನ ತುಂಬ ಉಮಿ. ಒಳಗೆ ಕತ್ತಲು. ಆಗ ಹಿಂದಿನ ಸೀಟಿನಿಂದ ಪದ್ಮರಾಜ, ತಾನೇನು ಮಾಡುತ್ತಿದ್ದೇನೆಂದು ಅರಿವಿಲ್ಲದೆ, ಗಾಜಿನ ಕಡೆಗೆ ಬಾಗಿ ಉಫ್ ಎಂದು ಊದಿದ.

ಆಲ್ದೊ ತಿರುಗಿ ಅವನನ್ನು ನೋಡಿದರು. ಆಮೇಲೆ ಅವರು ನಕ್ಕ ನಗೆಗೆ ಗಿರಣಿಯಿಂದ ತಮ್ಮ ಓಡಿಬಂದ. ಆತನಿಗೆ ಕಾರಿಗಿಂತ ಉಮಿಯ ಚಿಂತೆ. ಅದನ್ನು ಮರೆಸಲು ನಾನು ನಮ್ಮೂರಲ್ಲಿ ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿ, ಅದನ್ನು ಮತ್ತೆ ಬೇಯಿಸುತ್ತೇವೆ ಎಂದು ಕುಚ್ಚಲಕ್ಕಿಯ ವೃತ್ತಾಂತ ತಿಳಿಸಿದೆ. ಎರಡು ಸಲ ಯಾಕೆ ಎಂದು ಆತ ಕೇಳಿದ. ನನಗೂ ಗೊತ್ತಿರಲಿಲ್ಲ.

ಅಂದು ಸಂಜೆ ಊಟದ ಮೇಜಿನಲ್ಲಿ ನಾನು ಭುಜ ವಾಲಿಸಿ ತೋರಿಸಿದೆ, ಪದ್ಮರಾಜ ಬರೆದ. ಇನ್ನೆರಡು ಕೆಲಸವನ್ನೂ ಮಾಡಿದ. ಗಾಜಿನ ಮೇಲೆ ಬೆರಳಿಟ್ಟುಕೊಂಡು ಊದಿದರೆ ಮಾತ್ರ ಧೂಳು ಹಾರಬೇಕು. ಟ್ಯಾಬ್ಲೆಟ್ಟಿನ ಎರಡು ಅಂಚನ್ನೂ ಹಿಡಿದರೆ ಮಾತ್ರ ಕಾರು ಓಡಬೇಕು.

ಟುರಿನ್, ಕೊನೆಯ ದಿನ

ಅದೇ ಕೋಣೆ, ಅದೇ ಜನ. ಕಾಫಿ ಯಂತ್ರ ಬುಸ್ಸೆಂದಿತು, ಧೂಳು ಕದಲಲಿಲ್ಲ. ಎಲ್ಲರೂ ಎರಡು ಕೈಯಲ್ಲಿ ಟ್ಯಾಬ್ಲೆಟ್ ಹಿಡಿದರು. ಹಿಡಿದೊಡನೆ ಮಾತು ನಿಂತಿತು. ಕೈ ಕಟ್ಟಿದರೆ ಬಾಯಿಯೂ ಕಟ್ಟುತ್ತದೆಂಬುದು ನಮಗೆ ಹೊಳೆದಿರಲಿಲ್ಲ. ಆ ಊರಿನಲ್ಲಿ ಐದು ದಿನಗಳಲ್ಲಿ ನಾನು ಕೇಳಿದ ಮೊದಲ ಮೌನ ಅದು.

ನಾನು ನೋಡುತ್ತಿದ್ದದ್ದು ಆಲ್ದೊ ಅವರ ಮುಖವನ್ನು. ಅದರಲ್ಲಿ ಏನೂ ಕಾಣಲಿಲ್ಲ. ಮೊದಲ ತಿರುವು ಮುಗಿಯಿತು. ಎರಡನೆಯದು. ಹುಬ್ಬು ಕೂಡ ಅಲ್ಲಾಡಲಿಲ್ಲ. ಮನಸ್ಸಿನಲ್ಲೇ ಶೆಣೈಯವರಿಗೆ ಹೇಳಬೇಕಾದ ಸಮಾಧಾನದ ಮಾತುಗಳನ್ನು ಜೋಡಿಸತೊಡಗಿದ್ದೆ. ಇನ್ನಂಜೆಯ ರಸ್ತೆಯಲ್ಲಿ ಇಳಿಜಾರಿನ ಕೊನೆಗೆ ಒಂದು ಕಟ್ಟಕಡೆಯ ತಿರುವಿದೆ, ಗಕ್ಕನೆ ಎದುರಾಗುವಂಥದ್ದು. ಕಾರು ಅಲ್ಲಿಗೆ ಬಂತು. ಆಗ ಪದ್ಮರಾಜ ನನ್ನ ಸೆರಗನ್ನು ಎಳೆದು ಮೇಜಿನ ಕೆಳಗೆ ನೋಡು ಎಂದು ಕಣ್ಣಲ್ಲೇ ಹೇಳಿದ.

ಬಗ್ಗಿ ನೋಡಿದೆ. ಆಲ್ದೊ ಅವರ ಬಲಗಾಲು ಮುಂದೆ ಚಾಚಿ ಕಚೇರಿಯ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು.

ಪಾವೊಲಾಳೂ ನೋಡಿದಳು. ಆಮೇಲೆ ಮೇಜಿನ ಸುತ್ತ ಎಲ್ಲರೂ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಮುದುಕರಿಗೆ ಮಾತ್ರ ಅದು ತಿಳಿಯಲೇ ಇಲ್ಲ. ತಿರುವು ಮುಗಿಸಿ, ಕಾಲು ಸಡಿಲಿಸಿ, ಟ್ಯಾಬ್ಲೆಟ್ ಕೆಳಗಿಟ್ಟು, ನಾವೆಲ್ಲ ಯಾಕೆ ಬಗ್ಗಿದ್ದೇವೆಂದು ಕೇಳಿದರು. ಹತ್ತು ನಿಮಿಷದಲ್ಲಿ ಪಾವೊಲಾ ನಮ್ಮ ಕೈ ಕುಲುಕಿ, ಈ ಜಾಹೀರಾತು ತಮ್ಮ ಎಲ್ಲ ಶೋರೂಮುಗಳಿಗೂ ಹೋಗುತ್ತದೆಂದು ತಿಳಿಸಿದಳು.

ಕಮಾನುಗಳ ಕೆಳಗೆ ನಿಂತು ಶೆಣೈಯವರಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

“ಎಂತ ಆಯ್ತು ಅಕ್ಕ?”

ಸಂತೋಷದಲ್ಲಿ ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ: “ಅವರು ಬ್ರೇಕ್ ಹಾಕಿದರು.”

ಆ ಕಡೆಯಿಂದ ಅವರು ಸಣ್ಣ ದನಿಯಲ್ಲಿ, ಹೋಗಲಿ ಬಿಡಿ ಅಕ್ಕ, ನೀವಿಬ್ಬರೂ ಹುಷಾರಾಗಿ ಬನ್ನಿ, ತಪ್ಪು ನನ್ನದು, ನಾನೇ ಬರಬೇಕಿತ್ತು ಎಂದು ಶುರು ಮಾಡಿದರು. ಹಾಗಲ್ಲ ಎಂದು ಬಿಡಿಸಿ ಹೇಳಲು ಹೋದೆ. ನಗು ಬಂದು ಮಾತು ಹೊರಡಲಿಲ್ಲ. ಅವರು ನಾನು ಅಳುತ್ತಿದ್ದೇನೆಂದು ತಿಳಿದು ಇನ್ನಷ್ಟು ಸಮಾಧಾನ ಮಾಡಿದರು. ಪದ್ಮರಾಜ ನನ್ನ ಕೈಯಿಂದ ಫೋನ್ ತೆಗೆದುಕೊಂಡ.

“ಸರ್, ನಮ್ಮದರಲ್ಲಿ ಬ್ರೇಕೇ ಇಲ್ಲ. ನಾನು ಬರೆಯಲೇ ಇಲ್ಲ. ಆದರೂ ಅವರು ಹಾಕಿದರು” ಎಂದ.